ಅಳಿವೆ ಪತ್ರಿಕೆಯ ಕೊನೇ ಫಾರಂ

ತೆರೆಯೂದಿಲ್ಲ ಅಂಕಿತಾ. ನೀ ಎಷ್ಟು ಸಲ ಒತ್ತಿದ್ರೂ ಅದು ತೆರೆಯೂದಿಲ್ಲ. ಮೊದಲ ಪುಟ ತೋರಿಸ್ತದೆ, ನಿನ್ನ ಅಜ್ಜಿ ಹೆಸರು ತೋರಿಸ್ತದೆ... ಚೌಡಮ್ಮ ಗೌಡ, ನಾಟಿ ಹಾಡುಗಳು, ಅಳಿವೆ ಪತ್ರಿಕೆ, ಏಳನೇ ಸಂಚಿಕೆ... ಅಷ್ಟೇಯ. ಆಮೇಲೆ ಒಂದು ಬೀಗದ ಚಿತ್ರ. ಓದೂಕೆ ನಲವತ್ತು ಡಾಲರ್ ಕಟ್ಟು ಅಂತದೆ. ಇದೇ ಲೈಬ್ರರಿ, ಇದೇ ಕಂಪ್ಯೂಟರ್, ಇದೇ ಮೇಜಿನ ಮೇಲೆ ಕುತ್ಕಂಡು ನಾ ಅಕ್ಷರ ಅಕ್ಷರ ಟೈಪ್ ಮಾಡಿದ್ದು. ಈಗ ನಂಗೇ ಬೀಗ. ನಗೂದು ಎಂತಕ್ಕೆ? ಓ, ನಗ್ಲಿಲ್ವಾ. ನಕ್ಕ ಹಾಂಗೆ ಕಂಡ್ತು.

ಕುತ್ಕೋ. ಆ ಕುರ್ಚಿ ಬೇಡ, ಅದ್ರ ಕಾಲು ಅಲ್ಲಾಡ್ತದೆ, ಈಚೆಗೆ ಬಾ. ಬಿ.ಎ. ಓದುವಾಗ ನೀ ಕುಳಿತ್ಕೊಳ್ತಿದ್ದ ಜಾಗ ಅದೇ ಅಲ್ವಾ, ಕಿಟಕಿ ಬದಿ, ಶರಾವತಿ ಸೇತುವೆ ಕಾಣ್ತದೆ ಅಂತ? ಈಗ ನೀ ಟೀಚರ್ ಆಗಿದ್ದೆ, ಧಾರೇಶ್ವರದ ಬದಿ ಶಾಲೆ, ಗೊತ್ತು ನಂಗೆ. ಎಲ್ಲಾ ಸುದ್ದಿ ಬರ್ತದೆ. ಅಜ್ಜಿ ತೀರ್ಕಂಡು ಬರೂ ತಿಂಗಳಿಗೆ ವರ್ಷ ಆಗ್ತದೆ ಅನ್ನೂದೂ ಗೊತ್ತು. ನಿಮ್ಮ ಕೇರಿ ಕೊಪ್ಪದ ಹೆಂಗಸರೆಲ್ಲ ಸೇರಿ ಅವ್ರ ಹಾಡಿನ ಪುಸ್ತಕ ಮಾಡ್ತೀರಿ, ವರ್ಷದ ದಿನ ಬಂದವರಿಗೆಲ್ಲ ಒಂದೊಂದು ಕೊಡ್ತೀರಿ, ಕುಮಟೆಯ ಉಮೇಶನ ಪ್ರೆಸ್ಸಿಗೆ ಕೊಟ್ಟೀರಿ, ಎಲ್ಲಾ ಗೊತ್ತು. ಉಮೇಶ ಫೋನ್ ಮಾಡಿದ್ದ. ಇಂಟರ್ನೆಟ್ಟಲ್ಲಿ ನೋಡಿದ್ದಾನೆ ಅವ, ಹಾಡಿನ ಹಕ್ಕು ಜರ್ನಲ್ ಮಾರೂ ಕಂಪನಿದು ಅಂತ ಅಲ್ಲಿ ಬರ್ದದೆ, ಕಂಪನಿ ಒಪ್ಪಿಗೆ ತನ್ನಿ, ಇಲ್ಲ ಹಾಡು ಅವ್ರಿಗೆ ಕೊಟ್ಟೇ ಇಲ್ಲ ಅಂತ ಲೈಬ್ರರಿಯಿಂದ ಒಂದು ಪತ್ರ ತನ್ನಿ, ಇಲ್ದಿದ್ರೆ ನಾ ಅಚ್ಚು ಹಾಕೂದಿಲ್ಲ ಅಂದ. ಅವನ ತಪ್ಪಿಲ್ಲ. ಹೆದರಿಕೆ ಎಲ್ಲರಿಗೂ ಇರ್ತದೆ.

ಆ ಪತ್ರ ನಾ ಹೆಂಗೆ ಕೊಡ್ಲಿ, ಹೇಳು? ನಾ ಈ ಮೇಗೆ ನಿವೃತ್ತಿ. ಮೂವತ್ತೊಂದು ವರ್ಷ ಆತು. ಭಟ್ಕಳದಿಂದ ಬೆಳಿಗ್ಗೆ ಬಸ್ಸು ಹತ್ತಿ ಬರೂದು, ಸಂಜೆ ತಿರುಗಿ ಹೋಗೂದು, ಹೈವೇ ಅಗೆದಿಟ್ಟ ವರ್ಷಗಳಲ್ಲಿ ಎರಡೆರಡು ತಾಸು ಬಸ್ಸಲ್ಲೇ. ಒಂದು ದಿನ ತಡ ಮಾಡಿದವ ಅಲ್ಲ ನಾನು. ಮಾಸ್ತಪ್ಪ ನಾಯ್ಕ ಅಂದ್ರೆ ಬಾಗ್ಲು ತೆಗೆಯೂ ಹೊತ್ತು ಅಂತ ಹುಡುಗ್ರು ಗಡಿಯಾರ ಸರಿ ಮಾಡ್ಕಳ್ತಿದ್ರು. ಅಂಥವನಿಗೆ ಈ ಗತಿ ತಂದ ಆ ಶ್ರೀಧರ... ಬಿಡು. ಇಲ್ಲ, ಬಿಡೂದೆಂತಕ್ಕೆ, ಹೇಳ್ತೆ ಕೇಳು. ನಿಂಗೆ ಹೇಳದೆ ಇನ್ಯಾರಿಗೆ ಹೇಳೂದು.

ಮೊದಲು ನಾವು ಪತ್ರಿಕೆ ಶುರು ಮಾಡಿದ್ದೇ ಯಾಕೆ ಗೊತ್ತದೆಯಾ? ಸಿಟ್ಟಲ್ಲಿ. ಶುದ್ಧ ಸಿಟ್ಟಲ್ಲಿ. ನಮ್ಮ ಮೇಷ್ಟ್ರುಗಳು ಬರೀತಾರೆ, ಬರ್ದದ್ದಕ್ಕೆ ಬಿಡಿಗಾಸಿಲ್ಲ. ಇನ್ನೊಂದು ಕಾಲೇಜಿನ ಮೇಷ್ಟ್ರು ಅದನ್ನ ಓದಿ ತಪ್ಪು ತಿದ್ತಾರೆ, ಅದಕ್ಕೂ ಇಲ್ಲ. ಆಮೇಲೆ ದೊಡ್ಡ ಕಂಪನಿ ಅದನ್ನ ತನ್ನ ಜರ್ನಲ್ಲಲ್ಲಿ ಹಾಕಿ ನಮ್ಮ ಲೈಬ್ರರಿಗೇ ಮಾರ್ತದೆ. ನಾವು ಬೆಳೆದ ಬಸಳೆ ಸೊಪ್ಪು ನಮ್ಗೇ ಕ್ರಯಕ್ಕೆ ಕೊಟ್ಟ ಹಾಂಗೆ. ವರ್ಷ ವರ್ಷ ಚಂದಾ ಏರ್ತಾ ಹೋತು, ನಾ ಒಂದೊಂದೇ ಜರ್ನಲ್ ನಿಲ್ಸ್ತಾ ಹೋದೆ. ಕಪಾಟು ಬರಿದಾಗೂದು ನೋಡೂಕೆ ಎಷ್ಟು ಸಂಕಟ ಗೊತ್ತದೆಯಾ... ಒಂದು ದಿನ ಶ್ರೀಧರ ಬಂದು ಇದೇ ಮೇಜಿಗೆ ಕುಟ್ಟಿ ಹೇಳಿದ. ಆಗ ಅವ ಕನ್ನಡ ವಿಭಾಗಕ್ಕೆ ಹೊಸಬ. ಲೈಬ್ರರಿ ಪುಸ್ತಕ ಕೊಳ್ಳೂದೇ ಯಾಕಾಗ್ಬೇಕು ಮಾಸ್ತಿ ಸರ್, ಲೈಬ್ರರಿನೇ ಅಚ್ಚು ಹಾಕ್ಲಿ, ಯಾರು ಬೇಕಾದ್ರೂ ಪುಕ್ಕಟೆ ಓದ್ಲಿ ಅಂದ. ಅವ ಸಂಪಾದಕ, ನಾ ಪ್ರಕಾಶಕ. ಹೆಸರು ನಾನೇ ಇಟ್ಟೆ. ಹೊಳೆ ಸಮುದ್ರ ಸೇರೂ ಜಾಗಕ್ಕೆ ಯಾರೂ ಬೇಲಿ ಹಾಕೂದಿಲ್ಲ ಅಂತ 'ಅಳಿವೆ' ಅಂದೆ. ಶ್ರೀಧರನಿಗೆ ಕಣ್ಣಲ್ಲಿ ನೀರೇ ಬಂದಿತ್ತು.

ಮೊದಲ ಸಂಚಿಕೆ ನಾವೇ ಹೊಲಿದದ್ದು. ಹೌದು ಮತ್ತೆ, ನಾನೇ, ಈ ಕೈಲಿ. ಬೈಂಡಿಂಗ್ ಕಲಿಯೂಕೆ ಭಟ್ಕಳದ ಸುಲ್ತಾನ್ ಬೀದಿ ಬದಿ ಒಬ್ಬ ಮುದುಕನ ಹತ್ರ ಒಂದು ತಿಂಗಳು ಭಾನುವಾರ ಕುಳಿತೆ. ನೂರಾ ಐವತ್ತು ಪ್ರತಿ. ಅಂಚು ಕತ್ತರಿಸುವಾಗ ಬ್ಲೇಡು ಜಾರ್ತು, ಬಲದ ಹೆಬ್ಬೆರಳು... ನೋಡು ಇಲ್ಲಿ, ಓರೆಗೆ, ಉಗುರಿನ ಅಂಚಿಂದ ಬೆರಳಿನ ಒಳಬದಿ ಪೂರಾ. ಏಳು ಹೊಲಿಗೆ. ಪತ್ರಿಕೆಗೆ ರಕ್ತ ಸುರಿಸಿದ್ದೆ ಅಂತ ಎಲ್ಲರೂ ಬಾಯಲ್ಲಿ ಹೇಳ್ತಾರೆ, ನಾ ತೋರಿಸ್ತೆ. ಹನ್ನೊಂದು ಪ್ರತಿಗೆ ಕಲೆ ಆಗಿ ಎಸೆದದ್ದು ಅದೆ. ಶ್ರೀಧರ ಆ ದಿನ ಎಲ್ಲಿದ್ದ ಕೇಳು. ಧಾರವಾಡದಲ್ಲಿ, ಸೆಮಿನಾರಲ್ಲಿ.

ಚಹಾ ಕುಡೀತೆಯಾ? ಬೇಡವಾ. ಆತು.

ನಿನ್ನ ಅಜ್ಜಿ ಹಾಡಿದ್ದು ಏಳನೇ ಸಂಚಿಕೆಗೆ. ನೀ ಆಗ ಪಿಯುಸಿ ಇರ್ಬೇಕು, ಜಗಲಿ ಕಂಬಕ್ಕೆ ಒರಗಿ ನಿಂತು ನಮ್ಮನ್ನ ನೋಡ್ತಿದ್ದೆ. ಆರು ದಿನ ಬಂದೆ ನಾನು, ರೆಕಾರ್ಡರ್ ಹಿಡ್ಕಂಡು. ಅಜ್ಜಿ ಗದ್ದೆಯಿಂದ ಬಂದು, ಕಾಲು ತೊಳ್ದು, ಮೊದಲು ಎಲೆ ಅಡಿಕೆ, ಆಮೇಲೆ ಹಾಡು. ಒಂದು ಹಾಡು ಮುಗೀತು ಅಂದ್ರೆ ನನ್ನ ಬಿಡ್ತಿರ್ಲಿಲ್ಲ. ನಿಮ್ಮ ಮನೆ ಪದ್ಧತಿ ಅದೆಯಲ್ಲ, ಹಾಡು ತಕ್ಕಂಡವ ಅಂಗಳ ದಾಟೂ ಮೊದಲು ಒಂದು ಸಾಲಾದ್ರೂ ತಿರುಗಿ ಹಾಡ್ಬೇಕು. ಹಾಡಿದ್ರೆ ಮಾತ್ರ ಹಾಡು ಅವನ ಬೆನ್ನಿಗೆ ಹೋಗ್ತದೆ, ಇಲ್ದಿದ್ರೆ ಇಲ್ಲೇ ಬಾಗ್ಲಲ್ಲಿ ಕುತ್ಕಳ್ತದೆ ಅಂತ. ನಂಗೆ ರಾಗ ಎಲ್ಲಿ! ಕೋಣ ಕೂಗಿದ ಹಾಂಗೆ ಆಗ್ತಿತ್ತು. ನೀ ದುಪಟ್ಟಾ ಬಾಯಿಗೆ ಹಿಡ್ಕಂಡು ನಗ್ತಿದ್ದೆ, ಅಜ್ಜಿ ನಗ್ತಿರ್ಲಿಲ್ಲ, ತಲೆ ಅಲ್ಲಾಡಿಸಿ ಇನ್ನೊಂದ್ಸಲ ಮಾಸ್ತರೇ ಅಂತಿದ್ರು. ಆ ಸಸಿಕಟ್ಟಿನ ಸಾಲು ನಂಗೆ ಬಂದದ್ದು ಹಾಂಗೆ.

ಉಳಿದಾ ಸಸಿಕಟ್ಟ ಬದುವೀಲಿ ಒಣಗ್ಸಬ್ಯಾಡ
ನೆರಮನಿಯ ಗದ್ದೆ ಬರಿದುಂಟು, ತಂಗಿ...

ಮುಂದೆ ಮರೆತು ಹೋತು. ಇಲ್ಲ, ಗೊತ್ತದೆ, ಈಗ ಬರೂದಿಲ್ಲ.

ಎಂಥಾ ಕೈ ಅದು ಅಜ್ಜಿದು. ಸಸಿ ಕಿತ್ತು ಕಿತ್ತು, ಬದನೆ, ಹಾಗಲ ಬೆಳೆದು ತಲೆ ಮೇಲೆ ಹೊತ್ತು ಕುಮಟೆ ಸಂತೆಗೆ ಹೋಗಿ... ಬೆರಳು ಒರಳುಕಲ್ಲಿನ ಹಾಂಗೆ ನುಣ್ಣಗೆ. ರೇಷನ್ ಅಂಗಡಿ ಮಿಷನ್ನಿಗೆ ಹೆಬ್ಬೆಟ್ಟು ಹತ್ತದೆ ಎಷ್ಟು ತಿಂಗಳು ತಿರುಗಿದ್ರು, ನೆನಪದೆಯಾ? ಕಾಗದದ ಮೇಲೆ ಒತ್ತಿದ್ರೂ ಬರೀ ಒಂದು ಮಸಿ ಗುಂಡು, ಗೆರೆ ಅನ್ನೂದೇ ಇಲ್ಲ. ನಾನೇ ಅಲ್ವಾ ಅರ್ಜಿ ಬರ್ದು ಕೊಟ್ಟದ್ದು ತಹಶೀಲ್ದಾರರಿಗೆ. ದುಡಿದು ದುಡಿದು ಹೆಬ್ಬೆಟ್ಟಿನ ಗೆರೆ ಪೂರಾ ಸವೆದಿದೆ, ದಯಮಾಡಿ ಅಕ್ಕಿ ತಡೆಯಬಾರದು ಅಂತ. ಆ ಅರ್ಜಿ ಮೇಲೆ ಅಜ್ಜಿಗೆ ಅಕ್ಕಿ ಸಿಕ್ತು. ಲೈಬ್ರರಿಯವ ಬರೀ ಪುಸ್ತಕ ಕೊಡೂದಲ್ಲ ಮಾರಾಯ್ತಿ, ಇಂಥದೂ ಮಾಡ್ತಾನೆ.

ಏಳನೇ ಸಂಚಿಕೆ ರೆಕಾರ್ಡಿಂಗ್ ಸಮೇತ ನಮ್ಮ ವೆಬ್‌ಸೈಟಲ್ಲಿ ಬಂದ ಮೇಲೆ ಅಳಿವೆ ಎಲ್ಲಿಗೆಲ್ಲ ಹೋತು! ಕಾರವಾರದಿಂದ ಕಾಗದ, ಶಿವಮೊಗ್ಗದಿಂದ ಫೋನು. ಭಟ್ಕಳದ ಮುಸ್ಲಿಮರ ನವಾಯತಿ ಮಾತಿನ ಬಗ್ಗೆ ಬರ್ದ ಅಲ್ಲಿನ ಒಬ್ಬ ಮೇಡಂ ದುಬೈಯಲ್ಲಿ ಮಗನ ಮನೆಲಿ ಕುತ್ಕಂಡು ನಿನ್ನ ಅಜ್ಜಿ ಧ್ವನಿ ಕೇಳಿದ್ರಂತೆ. ಕೊಂಕಣಿ ಮಾತಾಡೂ ಮನೆಯವರೂ ಓದಿದ್ರು. ಪುಕ್ಕಟೆ ಅಲ್ವಾ, ಬಾಗ್ಲು ತೆರೆದಿತ್ತು. ಬಂದವರು ಬಂದ್ರು, ಕೇಳಿದವರು ಕೇಳಿದ್ರು. ನಾ ರಾತ್ರಿ ಎಣಿಸ್ತಿದ್ದೆ, ಇವತ್ತು ಎಷ್ಟು ಜನ ಬಂದು ಹೋದ್ರು ಅಂತ. ಹೆಮ್ಮೆ ಅಂದ್ರೆ ಹೆಮ್ಮೆ.

ಅಲ್ಲಿಂದಲೇ ಶನಿ ಹತ್ತಿದ್ದು. ಮೇಷ್ಟ್ರುಗಳಿಗೆ ಬಡ್ತಿ ಬೇಕಾದ್ರೆ ಸರ್ಕಾರ ಒಪ್ಪಿದ ಪಟ್ಟಿಲಿ ಹೆಸರಿದ್ದ ಜರ್ನಲ್ಲಲ್ಲೇ ಬರೀಬೇಕು ಅಂತ ಆತು. ನಮ್ಮ ಅಳಿವೆ ಯಾವ ಪಟ್ಟಿಲೂ ಇಲ್ಲ. ಲೈಬ್ರರಿ ಹೊಲಿದ ಪತ್ರಿಕೆಗೆ ಎಂಥಾ ಪಟ್ಟಿ! ಬರೆಯುವವರು ಒಬ್ಬೊಬ್ಬರೇ ಕಡಿಮೆ ಆದ್ರು. ಆಗ ಆ ಕಂಪನಿ ಮನುಷ್ಯ ಬಂದ. ಬೆಂಗಳೂರಿಂದ ಕಾರಲ್ಲಿ ಬಂದವ, ದಾರಿಲಿ ಇಡಗುಂಜಿಗೆ ಇಳಿದು ಗಣಪತಿಗೆ ಕೈ ಮುಗಿದು, ಪಂಚಕಜ್ಜಾಯ ಕಟ್ಟಿಸ್ಕಂಡು ಬಂದ. ಪ್ರಸಾದ ಮೊದಲು, ಒಪ್ಪಂದ ಆಮೇಲೆ. ನಿಮ್ಮ ಪತ್ರಿಕೆ ನಿಮ್ಮದೇ ಸರ್, ಸಂಪಾದಕರು ನಿಮ್ಮವರೇ, ಲೈಬ್ರರಿ ಹೆಸರು ಮುಖಪುಟದಲ್ಲೇ, ನಾವು ಪಟ್ಟಿಗೆ ಸೇರಿಸ್ತೇವೆ, ಜಗತ್ತಿಗೆ ಮುಟ್ಟಿಸ್ತೇವೆ ಅಂದ. ಎಷ್ಟು ನಯ! ಕಾಲಿಗೆ ಬೀಳೂದೊಂದು ಬಾಕಿ.

ಶ್ರೀಧರ ಸಹಿ ಹಾಕಿದ. ಒಂದು ಮಾತು ನನ್ನ ಕೇಳ್ದೆ ಹಾಕಿದ. ಹತ್ತು ವರ್ಷ ಒಂದೇ ಬುತ್ತಿಲಿ ಉಂಡವ! ಹಾಕಿ, ಬಡ್ತಿ ತಕ್ಕಂಡು, ಧಾರವಾಡಕ್ಕೆ ಹೋದ. ಈಗ ಎದುರು ಸಿಕ್ಕಿದ್ರೂ ಫೋನ್ ಕಿವಿಗೆ ಹಿಡ್ಕಳ್ತಾನೆ. ಇಡೀ ಹಳೆ ಸಂಚಿಕೆಗಳನ್ನ ಕಂಪನಿ ಹೊತ್ಕಂಡು ಹೋತು, ನಮ್ಮ ವೆಬ್‌ಸೈಟ್ ಮುಚ್ಚಿಸ್ತು, ರೆಕಾರ್ಡಿಂಗು ಅಳಿಸಿಸ್ತು, ಮೂರು ತಿಂಗಳಲ್ಲಿ ಬೀಗ. ಒಪ್ಪಂದದ ಒಂಬತ್ತನೇ ಪುಟ, ನಾಲ್ಕನೇ ಕಲಮು, ಹಿಂದಿನ ಎಲ್ಲ ಸಂಚಿಕೆಯ ಎಲ್ಲ ಹಕ್ಕು ಶಾಶ್ವತ ಕಂಪನಿಗೆ ಅಂತ ಬರ್ದದೆ. ಶಾಶ್ವತ! ದೇವಸ್ಥಾನದ ಪೂಜೆಗೆ ಬಿಟ್ಟು ಬೇರೆ ಯಾವುದಕ್ಕೂ ಆ ಶಬ್ದ ಕೇಳಿದವ ಅಲ್ಲ ನಾನು.

ಎಂತ? ಒಂಬತ್ತನೇ ಪುಟ ನಂಗೆ ಹೆಂಗೆ ಗೊತ್ತು ಅಂತನಾ? ಬಾಯಿ ಬಿಟ್ಟು ಕೇಳು ಬೇಕಾದ್ರೆ, ಹಾಂಗೆ ಹುಬ್ಬು ಏರಿಸ್ಬೇಡ. ಗೊತ್ತಾತು, ಆಮೇಲೆ. ಓದಿದೆ. ಯಾರೋ ತೋರಿಸಿದ್ರು.

ಆತು, ಸಹಿಗೆ ಮೊದಲೇ ಓದಿದ್ದೆ. ಇದೇ ಮೇಜಿನ ಮೇಲೇ ಇಟ್ಟಿದ್ದ ಅವ. ಓದಿದ್ರೆ ಎಂತ ಆತು, ಸಹಿ ನಂದಲ್ಲವಲ್ಲ! ಸಂಪಾದಕನ ಸಹಿ ಬೇಕಿತ್ತು, ಅವ ಹಾಕಿದ. ನಾ ಬರೀ ಲೈಬ್ರರಿಯವ.

ನೀ ಹಾಂಗೆ ನೋಡಿದ್ರೆ ನಂಗೆ ಮಾತು ತಪ್ತದೆ ತಂಗಿ. ಹೇಳ್ತೆ ನಿಲ್ಲು. ಆ ಮನುಷ್ಯ ಇನ್ನೊಂದು ಮಾತು ಹೇಳಿದ್ದ, ನನ್ನ ಒಬ್ಬನನ್ನೇ ಆಚೆ ಕರ್ದು. ನಿಮ್ಮ ಲೈಬ್ರರಿಗೆ ನಮ್ಮ ಮೂರು ಸಾವಿರ ಜರ್ನಲ್ ಐದು ವರ್ಷ ಪುಕ್ಕಟೆ ತೆರೆದಿಡ್ತೇವೆ ಅಂದ. ಮೂರು ಸಾವಿರ! ನಾ ಒಂದೊಂದೇ ನಿಲ್ಸಿದ ಜರ್ನಲ್ಲುಗಳೆಲ್ಲ ಅದ್ರಲ್ಲಿದ್ವು. ನಂಗೆ ಆ ರಾತ್ರಿ ನಿದ್ರೆನೇ ಬರ್ಲಿಲ್ಲ. ಹೊನ್ನಾವರದಂಥಾ ಊರಿನ ಕಾಲೇಜು, ಧಾರವಾಡಕ್ಕೂ ಇಲ್ಲದ ಲೈಬ್ರರಿ... ಬಂತು ಸಹ. ಒಂದು ವರ್ಷ ಬಂತು. ಮಂಕಿ ಬದಿ ಮೀನುಗಾರರ ಮನೆ ಹುಡುಗಿ ಒಬ್ಬಳು, ದುರ್ಗ ಅಂತ, ಎಂ.ಎಸ್ಸಿ.ಗೆ ಹೊಳೆಯ ಚಿಪ್ಪುಮೀನು, ನಮ್ಮ ಚಿಪ್ಪಿಕಲ್ಲು, ಅದ್ರ ಮೇಲೆ ಬರೀತಿದ್ಳು. ದಿನಾ ಬಂದು ಇದೇ ಕಂಪ್ಯೂಟರಲ್ಲಿ ಜಪಾನಿನವರು ಬರ್ದದ್ದು ಓದ್ತಿದ್ಳು. ಅವ್ಳ ಮುಖ ನೋಡಿ ನಾ ಅಂದ್ಕಳ್ತಿದ್ದೆ, ಮಾಡಿದ್ದು ತಪ್ಪಲ್ಲ ಮಾಸ್ತಿ, ತಪ್ಪಲ್ಲ ಅಂತ.

ಎರಡನೇ ವರ್ಷ ಜೂನಲ್ಲಿ ಪಾಸ್‌ವರ್ಡ್ ನಡೀಲಿಲ್ಲ. ಫೋನ್ ಮಾಡಿದೆ, ಆ ಮನುಷ್ಯ ಕೆಲಸ ಬಿಟ್ಟು ಹೋಗಿದ್ನಂತೆ. ಹೊಸಬಳು ಹೇಳಿದ್ಳು, ಐದು ವರ್ಷ ಅಂತ ಒಪ್ಪಂದದಲ್ಲಿ ಇಲ್ಲ ಸರ್, ಬಾಯಿ ಮಾತು ನಾವು ಹಿಡಿಯೂದಿಲ್ಲ ಅಂತ. ದುರ್ಗ ಹೊರಗೆ ನಿಂತು ಕಾಯ್ತಿದ್ಳು. ಅವ್ಳ ಪ್ರಬಂಧ ಅರ್ಧ. ಎಂತ ಹೇಳ್ಲಿ ಅವ್ಳಿಗೆ? ಕರೆಂಟಿಲ್ಲ ಅಂತ ಹೇಳಿ ಕಳ್ಸಿದೆ. ಮೂರು ದಿನ ಕರೆಂಟಿಲ್ಲ ಅಂದೆ, ಫ್ಯಾನು ಗರಗರ ತಿರುಗ್ತಿತ್ತು ತಲೆ ಮೇಲೆ. ನಂಬಿಸಿ ಕತ್ತು ಕೊಯ್ಯೂದು ಅಂದ್ರೆ ಇದೇ. ನನ್ನ ಕತ್ತು, ಗೊತ್ತಾತಾ? ನನ್ನ ಪತ್ರಿಕೆ ಹೋತು, ಜರ್ನಲ್ಲೂ ಹೋತು, ಗೆಳೆಯನೂ ಹೋದ. ನಿಂಗೆ ಬೇಜಾರದೆ, ನಂಗಿಲ್ವಾ?

ಅದಕ್ಕೇ ಹೇಳ್ತೆ, ಧಾರವಾಡಕ್ಕೆ ಹೋಗು. ಶ್ರೀಧರನ ಕುತ್ತಿಗೆ ಪಟ್ಟಿ ಹಿಡಿದು ಕೇಳು. ಪತ್ರ ಅವ ಕೊಡ್ಲಿ. ನಾ ಎಂಥದ್ದೂ...

ಎಂತ ಅದು? ಚೀಲದಲ್ಲಿ ಎಂತ ತಂದೆ?

ಓಹೋ. ಕಂಪನಿಗೇ ಬರ್ದೆಯಾ. ನೀನೇ. ಇಂಗ್ಲಿಷಲ್ಲಿ. ಭೇಷ್. ಉತ್ತರಾನೂ ಕೊಟ್ರಾ... ಕೊಡು, ಕನ್ನಡಕ ಎಲ್ಲಿಟ್ಟೆ ನಾನು... ಹೂಂ. ಲೇಖಕಿ ತನ್ನ ಎಲ್ಲ ಹಕ್ಕು ನಮಗೆ ಬಿಟ್ಟುಕೊಟ್ಟಿದ್ದಾರೆ, ಸಹಿ ಮಾಡಿದ ಫಾರಂ ಲಗತ್ತಿಸಿದೆ ಅಂತ. ಹೌದು. ಫಾರಂ. ಪ್ರತಿ ಒಬ್ಬ ಬರಹಗಾರನದೂ ಬೇಕಿತ್ತು. ಅರವತ್ತೆರಡು ಜನ. ನಾನೇ ಎಲ್ಲರಿಗೂ ಕಳ್ಸಿದ್ದು, ಅದು ಪ್ರಕಾಶಕನ ಕೆಲಸ. ದುಬೈ ಮೇಡಂ ಫೋನಲ್ಲೇ ಸಹಿ ಮಾಡಿ ಕಳ್ಸಿದ್ರು. ಅರವತ್ತೊಂದು ಬಂತು. ನಿನ್ನ ಅಜ್ಜಿದು ಒಂದು ಬಾಕಿ. ಆ ಒಂದಿಲ್ದೆ ಏಳನೇ ಸಂಚಿಕೆ ತಕ್ಕಳೂದಿಲ್ಲ, ಏಳನೇದಿಲ್ದೆ ಉಳಿದದ್ದೂ ಬೇಡ ಅಂತ ಕಂಪನಿ ಹಟ ಹಿಡೀತು. ಜನ ಓದೂದೇ ಅದನ್ನ ಅಲ್ವಾ. ಅದಕ್ಕೆ ನಾ ಅಜ್ಜಿ ಹತ್ರ ಹೋದೆ. ಹೋಗಿ ಹೆಬ್ಬೆಟ್ಟು ತಕ್ಕಂಡು ಬಂದೆ. ಅದೇ ಇದು. ಕೆಳಗೆ ಸಾಕ್ಷಿ ನಾನೇ, ಮಾಸ್ತಪ್ಪ ನಾಯ್ಕ, ಗ್ರಂಥಪಾಲಕ. ಇದ್ರಲ್ಲಿ ಮುಚ್ಚಿಡೂದು ಎಂತ ಇದೆ?

ನೀ ಮನೆಲಿ ಇರ್ಲಿಲ್ಲ ಆ ದಿನ. ಟ್ರೈನಿಂಗಿಗೆ ಕಾರವಾರಕ್ಕೆ ಹೋಗಿದ್ದೆ. ಅಜ್ಜಿ ಜಗಲಿ ಮೇಲೆ ಹಾಗಲ ಬೀಜ ಒಣಗ್ಸ್ತಾ ಕುಳಿತಿದ್ರು. ಪೂರಾ ಓದಿ ಹೇಳಿದೆ ನಾನು, ಕನ್ನಡದಲ್ಲಿ. ಸಂತೋಷದಿಂದ ಒಪ್ಪಿದ್ರು. ಲೈಬ್ರರಿ ಸ್ಟಾಂಪ್ ಪ್ಯಾಡ್ ಒಯ್ದಿದ್ದೆ, ನೇರಳೆ ಮಸಿ, ಕೈ ಹಿಡಿದು ಒತ್ತಿಸಿದೆ. ಮಸಿ ಹೋಗ್ತದಾ ಮಾಸ್ತರೇ ಅಂತ ನಕ್ರು. ಈಗಲೂ ಕಣ್ಣಿಗೆ ಕಟ್ಟಿದ ಹಾಂಗದೆ.

ಆ ಫಾರಂ ಯಾಕೆ ತಿರುಗಿ ತಕ್ಕಂಡೆ?

ಎಂತ ನೋಡ್ತೆ ಅದನ್ನ ಅಷ್ಟು ಹತ್ರ ಹಿಡ್ಕಂಡು? ಮಸಿ ಹದವಾಗಿ ಹತ್ತಿದೆ, ಗೆರೆ ಎಲ್ಲಾ ಚಂದ ಮೂಡಿದೆ, ಅಷ್ಟೇ. ಒಂದೊಂದು ಗೆರೆನೂ...

ಇದೆಂತ ಇನ್ನೊಂದು ಕಾಗದ?

ಓ. ತಹಶೀಲ್ದಾರರ ಅರ್ಜಿ. ನನ್ನದೇ ಅಕ್ಷರ. ಇಷ್ಟು ವರ್ಷ ಇಟ್ಕಂಡೀರಿ ಇದನ್ನ... ರೇಷನ್ ಕಾರ್ಡಿನ ಒಳಗೆ ಮಡಚಿ ಇಟ್ಟಿದ್ರಾ ಅಜ್ಜಿ? ಮಡಿಕೆಲಿ ಹರೀತಾ ಬಂದದೆ. ಹೆಬ್ಬೆಟ್ಟಿನ ಗೆರೆ ಪೂರಾ ಸವೆದಿದೆ. ಹೌದು. ನಾನೇ ಬರ್ದದ್ದು. ಈಗಷ್ಟೇ ಹೇಳಿದೆನಲ್ಲ ನಿಂಗೆ, ಹೆಮ್ಮೆಯಿಂದ ಹೇಳಿದೆ.

ಕೆಲವೊಮ್ಮೆ ತಿರುಗಿ ಬರ್ತದಂತೆ. ಗೆರೆ. ಗದ್ದೆ ಕೆಲಸ ಬಿಟ್ಟ ಮೇಲೆ ಚರ್ಮ ಹೊಸದಾಗಿ... ಡಾಕ್ಟರ್ ಯಾರೋ ಹೇಳಿದ್ರು. ಅಜ್ಜಿ ಕಡೇ ದಿನದವರೆಗೂ ಗದ್ದೆಗೆ ಹೋಗ್ತಿದ್ರು, ಅದೂ ಗೊತ್ತು ನಂಗೆ. ಏನಾದ್ರೂ ಹೇಳು ಮಾರಾಯ್ತಿ. ಬಯ್ಯಿ. ಸುಳ್ಳ ಅನ್ನು. ಹಾಂಗೆ ಕಾಗದ ಬಿಟ್ಟು ನನ್ನ ಕೈ ನೋಡ್ಬೇಡ.

ಕೈ ಎಂತಕ್ಕೆ ನೋಡ್ತೆ?

ಗೆರೆಗಳ ನಡುವೆ ಓರೆಗೆ ಒಂದು ಬಿಳಿ ದಾರಿ. ಕಂಡ್ತು. ನಂಗೂ ಕಂಡ್ತು. ಆಗ್ಲೇ ಕಂಡಿತ್ತು, ಒತ್ತಿದ ದಿನಾನೇ. ಯಾರು ನೋಡ್ತಾರೆ ಅಂದ್ಕಂಡೆ. ಬೆಂಗಳೂರಲ್ಲಿ ಕುಳಿತವರಿಗೆ ಯಾವ ಹೆಬ್ಬೆಟ್ಟು ಯಾರದು ಅಂತ ಎಂತ ಗೊತ್ತು. ಇವತ್ತು ನಾನೇ ಕೈ ಮುಂದೆ ಹಿಡಿದು ತೋರಿಸಿದೆ ನಿಂಗೆ, ಏಳು ಹೊಲಿಗೆ ಅಂತ.

ನೀರು ಕುಡೀತೆ ತಡಿ.

ಅಜ್ಜಿ ಹತ್ರ ಹೋಗಿದ್ದು ಖರೆ. ಹಾಗಲ ಬೀಜ ಖರೆ. ಪೂರಾ ಓದಿ ಹೇಳಿದ್ದೂ ಖರೆ, ಅವ್ರಿಗೆ ಸುಳ್ಳು ಹೇಳೂಕೆ ಬಾಯಿ ಬರ್ಲಿಲ್ಲ ನಂಗೆ. ಕೇಳಿ ಮುಗಿಸಿ ಒಂದೇ ಕೇಳಿದ್ರು. ನಾಳೆ ನನ್ನ ಮೊಮ್ಮಗಳು ಹಾಡು ಬೇಕು ಅಂದ್ರೆ ಅವ್ರನ್ನ ಕೇಳ್ಬೇಕಾ ಮಾಸ್ತರೇ? ನಾ ಹೌದು ಅಂದೆ. ನಂಗೆ ಹಾಡು ಕೊಟ್ಟದ್ದು ನಮ್ಮತ್ತೆ, ಅವ್ರಿಗೆ ಅವ್ರ ಅತ್ತೆ, ನಡುವೆ ನಿಂತು ಪರರಿಗೆ ಬರ್ದು ಕೊಡೂಕೆ ನಾ ಯಾರು ಅಂದ್ರು. ಸಿಟ್ಟಿಲ್ಲ. ಕೈಯನ್ನ ಸೆರಗಿನ ಒಳಗೆ ಇಟ್ಕಂಡ್ರು, ಅಷ್ಟೇ. ಪ್ಯಾಡ್ ತೆರೆದೇ ಇತ್ತು ನನ್ನ ತೊಡೆ ಮೇಲೆ. ಮೂರು ಸಾವಿರ ಜರ್ನಲ್ಲು, ಅಜ್ಜಿ, ನಮ್ಮ ಮಕ್ಕಳು ಓದ್ತಾರೆ ಅಂದೆ. ಓದ್ಲಿ, ಓದೂದು ಒಳ್ಳೇದೇ, ಆದ್ರೆ ಇದು ಕೊಡೂಕಾಗ್ದು ಅಂದ್ರು. ಏಳೂವಾಗ ಪದ್ಧತಿ ಮರೀಲಿಲ್ಲ ಅವ್ರು. ಆ ಸಸಿಕಟ್ಟಿಂದು ಒಂದು ಸಾಲು ಹಾಡಿ ಹೋಗಿ ಮಾಸ್ತರೇ ಅಂದ್ರು. ನಾ ಬಸ್ಸಿಗೆ ಹೊತ್ತಾತು ಅಂದೆ. ಹಾಡದೆ ಅಂಗಳ ದಾಟಿದೆ.

ಮರುದಿನ ಬೆಳಿಗ್ಗೆ ಇಲ್ಲೇ ಕುಳಿತು ಒತ್ತಿದೆ. ಶ್ರೀಧರ ಆಚೆ ಮೇಜಲ್ಲಿದ್ದ. ಅಜ್ಜಿ ಒಪ್ಪಿದ್ರಾ ಸರ್ ಅಂತ ಕೇಳಿದ. ಒಪ್ಪಿದ್ರು ಅಂದೆ. ಅವ ಆಮೇಲೇ ಸಹಿ ಹಾಕಿದ್ದು. ನನ್ನ ಮಾತು ನಂಬಿ ಹಾಕಿದ... ಎರಡು ತಿಂಗಳು ಬಿಟ್ಟು ಹೆಂಗೋ ಗೊತ್ತಾತು ಅವನಿಗೆ. ಜಗಳ ಆಡ್ಲಿಲ್ಲ. ವರ್ಗ ಮಾಡಿಸ್ಕಂಡು ಹೋದ. ಕಿವಿಗೆ ಫೋನ್ ಹಿಡ್ಕಳೂದು ಅದಕ್ಕೆ. ಮೂರು ವರ್ಷದಿಂದ ನಾ ಊರಿಗೆಲ್ಲ ಅವನ ಹೆಸರು ಹೇಳ್ತಾ ತಿರುಗ್ತೆ. ಹೇಳಿ ಹೇಳಿ ನಂಗೇ ಅದು ನಿಜ ಅನ್ನಿಸೂಕೆ ಶುರುವಾಗಿತ್ತು.

ಅಜ್ಜಿ ಕೇಳಿದ್ರಾ ನನ್ನ, ಕಡೆಗೆ? ಮಾಸ್ತರು ಯಾಕೆ ಬರೂದು ಬಿಟ್ರು ಅಂತ ಕೇಳ್ತಿದ್ರಾ? ಬೇಡ, ಹೇಳ್ಬೇಡ.

ಅದೆಂತ, ಎಲ್ಲಿಗೆ ಎದ್ದೆ? ಹೋಗ್ತೆಯಾ? ಓ... ಬಿಳಿ ಹಾಳೆ. ಅಲ್ಲ, ಆ ಕಪಾಟಲ್ಲಿ ಹಾಳೆ ಇರೂದು ಇನ್ನೂ ನೆನಪದೆ ನಿಂಗೆ. ಒಂದು ಸಾಕು.

ಮೇ ಮೂವತ್ತೊಂದಕ್ಕೆ ಹಾರ ಹಾಕ್ತಾರಂತೆ, ಭಾಷಣ, ಊಟ. ಇದು ಬರ್ದು ಕೊಟ್ರೆ ಅದು ಯಾವುದೂ ಇಲ್ಲ, ಪಿಂಚಣಿಗೂ ಕುತ್ತು ಬರ್ತದೆ. ಉಮೇಶನಿಗೆ ಒಂದು ಪ್ರತಿ, ಕಂಪನಿಗೆ ಒಂದು, ಪ್ರಿನ್ಸಿಪಾಲರಿಗೆ ಒಂದು. ಮತ್ತೆ ಧಾರವಾಡಕ್ಕೆ. ಅವನಿಗೆ ನಾನೇ ಅಂಚೆಗೆ ಹಾಕ್ತೆ, ಅದು ನಿನ್ನ ಕೈಲಿ ಬೇಡ. ಹಾಡು ಇಪ್ಪತ್ಮೂರು, ಎಲ್ಲದರ ಹೆಸರೂ ಬರೀತೆ. ಚೌಡಮ್ಮ ಗೌಡ ಇವುಗಳನ್ನ ಯಾರಿಗೂ ಬರ್ದು ಕೊಟ್ಟಿಲ್ಲ, ಕೊಡೂಕೆ ಒಪ್ಪಲಿಲ್ಲ, ಫಾರಂ ಮೇಲೆ ಇರೂ ಹೆಬ್ಬೆಟ್ಟು ಅವ್ರದಲ್ಲ. ಇಷ್ಟು ಸಾಕಾ? ಸಾಲದು. ಯಾರದು ಅಂತ ಬರೀಬೇಕು. ಆತು.

ಬರ್ದೆ. ಓದು. ಸರಿ ಅದೆಯಾ?

ಪೆನ್ನು ಇಟ್ಕೋ ನಿನ್ನ ಹತ್ರವೇ. ನನ್ನ ಸಹಿ ಆ ಫಾರಮ್ಮಲ್ಲೂ ಇತ್ತು, ಸಾಕ್ಷಿ ಅಂತ. ಆ ಸ್ಟಾಂಪ್ ಪ್ಯಾಡ್ ಈಚೆಗೆ ದೂಡು.